ಮಡಿಸಿಟ್ಟ ಚೀಟಿಗಳ ಲೆಕ್ಕ ಕೊಡಿ: ಕೊಡಗಿನ ಶಾಲಾ ಮಕ್ಕಳ ಆರೋಗ್ಯ ತಪಾಸಣೆ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗು ಜಿಲ್ಲೆಯಲ್ಲಿ ಶಾಲಾ ಮಕ್ಕಳ ಆರೋಗ್ಯದ ಹೊಣೆ ಹೊತ್ತಿರುವ ಆರೋಗ್ಯ, ಶಿಕ್ಷಣ ಮತ್ತು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗಳ ಅಧಿಕಾರಿಗಳಿಗೆ ಹಾಗೂ ಜಿಲ್ಲೆಯ ಜನಪ್ರತಿನಿಧಿಗಳಿಗೆ

ಮಾನ್ಯರೇ,

ದಕ್ಷಿಣ ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ಈಗಲೂ ವಾರಕ್ಕೆರಡು ದಿನ ಮನೆಗೆ ಹತ್ತಿರದ ಶಾಲೆಯೊಂದಕ್ಕೆ ಹೋಗಿ, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತೇನೆ. ಹಾಗೆ ಹೋಗುವಾಗ ಕಣ್ಣಿಗೆ ಬಿದ್ದ ಕೆಲವು ಸಂಗತಿಗಳನ್ನು ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದೆ, ಆಮೇಲೆ ಮನವಿ ಬರೆದು ಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಇದು ಒಂದು ಶಾಲೆಯ ಅಥವಾ ಒಬ್ಬ ಅಧಿಕಾರಿಯ ತಪ್ಪಲ್ಲವೆಂದು ನನಗೆ ಖಾತ್ರಿಯಿರುವುದರಿಂದ ಯಾರ ಹೆಸರನ್ನೂ ಇಲ್ಲಿ ಎತ್ತುತ್ತಿಲ್ಲ. ತಪಾಸಣೆಯಲ್ಲಿ ಕಾಯಿಲೆ ಇದೆ ಎಂದು ಗೊತ್ತಾದ ಮಗು ಚಿಕಿತ್ಸೆಯವರೆಗೆ ತಲುಪುತ್ತಿಲ್ಲ ಎಂಬುದಷ್ಟೇ ನನ್ನ ದೂರು.

ಯೋಜನೆಯಲ್ಲಿ ಕೊರತೆಯಿದೆ ಎಂದು ನಾನು ಹೇಳಲಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೋಷಕಾಂಶದ ಕೊರತೆ, ಬಾಲ್ಯದ ಕಾಯಿಲೆ ಮತ್ತು ಬೆಳವಣಿಗೆಯ ಕುಂಠಿತ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ಹುಡುಕಬೇಕು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಬೇಕು. ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಅವರಲ್ಲಿ ಒಬ್ಬರು ಮಹಿಳೆ, ಜೊತೆಗೆ ಒಬ್ಬ ನರ್ಸ್ ಮತ್ತು ಒಬ್ಬ ಫಾರ್ಮಾಸಿಸ್ಟ್ ಇರಬೇಕು. ಸೀಳುತುಟಿಯಿಂದ ಹಿಡಿದು ಹೃದಯದ ತೂತಿನವರೆಗೆ, ತಪಾಸಣೆಯಲ್ಲಿ ಸಿಕ್ಕ ತೊಂದರೆಗೆ ಶಸ್ತ್ರಚಿಕಿತ್ಸೆಯೂ ಸೇರಿ ಎಲ್ಲವೂ ಉಚಿತ. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ವರ್ಷಕ್ಕೊಮ್ಮೆ ಬಂದು ನಾಲಿಗೆ, ಕಣ್ಣುರೆಪ್ಪೆ ನೋಡಿ ಹೋಗುತ್ತಿದ್ದರು. ಅದಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಹೆಜ್ಜೆ. ಇಷ್ಟೆಲ್ಲ ವ್ಯವಸ್ಥೆಯನ್ನು ಕಾಗದದ ಮೇಲೆ ಕೊಟ್ಟ ಮೇಲೆ, ಬುಡಕಟ್ಟು ಜನರ ಹಾಡಿಯ ಮತ್ತು ತೋಟದ ಕೂಲಿಯವರ ಸಾಲುಮನೆಯ, ಅಂದರೆ ಲೈನ್ ಮನೆಯ, ಮಗುವಿಗೆ ಅದು ಏಕೆ ಸಿಗುತ್ತಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಕಳೆದ ಫೆಬ್ರವರಿಯಲ್ಲಿ ನಾನಿದ್ದ ದಿನವೇ ತಪಾಸಣಾ ತಂಡ ಶಾಲೆಗೆ ಬಂತು. ಬಂದಾಗ 10 ಗಂಟೆ 50 ನಿಮಿಷ, ಜೀಪು ಹೊರಟಾಗ ಒಂದೂಕಾಲು. ಅಷ್ಟರಲ್ಲಿ 118 ಮಕ್ಕಳನ್ನು ನೋಡಿ ಮುಗಿಸಿದ್ದರು, ಅಂದರೆ ಮಗುವೊಂದಕ್ಕೆ ಸಿಕ್ಕಿದ್ದು ಸುಮಾರು ಒಂದೂಕಾಲು ನಿಮಿಷ. ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು, ಎದೆ, ಚರ್ಮ, ರಕ್ತಹೀನತೆಯ ಲಕ್ಷಣ ಎಲ್ಲವನ್ನೂ ಆ ಒಂದೂಕಾಲು ನಿಮಿಷದಲ್ಲಿ ನೋಡಬೇಕಿತ್ತು. ತಂಡದ ವೈದ್ಯೆ ಮಕ್ಕಳೊಡನೆ ಅಕ್ಕರೆಯಿಂದಲೇ ಮಾತನಾಡಿದರು. ಮಧ್ಯಾಹ್ನಕ್ಕೆ ಇನ್ನೊಂದು ಶಾಲೆಯನ್ನು ಮುಗಿಸಬೇಕಿತ್ತು, ಸಂಜೆಗೆ ಅಂಕಿ ಅಂಶ ಕಳಿಸಬೇಕಿತ್ತು. ಗುತ್ತಿಗೆ ನೌಕರಿಯಲ್ಲಿ, ಬಾಡಿಗೆ ವಾಹನದಲ್ಲಿ ದಿನಕ್ಕೆರಡು ಶಾಲೆ ತಿರುಗುವ ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಕಣ್ಣಿನ ಪರೀಕ್ಷೆ ನಡೆದ ಬಗೆಯನ್ನು ಮಾತ್ರ ಹೇಳಲೇಬೇಕು. ಗೋಡೆಗೆ ತೂಗುಹಾಕಿದ ಅಕ್ಷರಪಟವನ್ನು ಮಗು ಆರು ಮೀಟರ್, ಎಂದರೆ ಇಪ್ಪತ್ತು ಅಡಿ ದೂರದಿಂದ ಓದಬೇಕು. ಆ ಕೋಣೆಯ ಉದ್ದವೇ ಹದಿನೈದು ಅಡಿ. ಅಷ್ಟಲ್ಲದೆ ಹಿಂದೆ ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಓದಿದ್ದನ್ನು ಕೇಳಿ ಕೇಳಿ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕರಿಹಲಗೆಯ ಮೇಲೆ ಬರೆದದ್ದು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಐದನೇ ತರಗತಿಯ ಹುಡುಗನೊಬ್ಬ ಅಂದು ಕೊನೆಯ ಸಾಲಿನವರೆಗೆ ಪಟಪಟನೆ ಓದಿದ. ಅವನ ಹೆಸರಿನ ಮುಂದೆ ‘ದೃಷ್ಟಿ ಸರಿಯಿದೆ’ ಎಂದು ಬರೆಯಲಾಯಿತು. ಇದನ್ನು ಸರಿಪಡಿಸಲು ಹಣ ಬೇಕಾಗಿಲ್ಲ. ಜಗಲಿಯಲ್ಲಿ ಇಪ್ಪತ್ತು ಅಡಿ ಅಳೆದು ಬಣ್ಣದ ಗೆರೆಯೊಂದನ್ನು ಎಳೆದು, ಒಬ್ಬೊಬ್ಬರನ್ನೇ ಕರೆದು ನಿಲ್ಲಿಸುವಂತೆ ಶಾಲೆಗೆ ಮೊದಲೇ ತಿಳಿಸಿದ್ದರೆ ಸಾಕಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ವಿಷಯ. ತೋಟದ ಲೈನ್ ಮನೆಯಿಂದ ಬರುವ, ಯರವ ಬುಡಕಟ್ಟಿನ ಮಗು. ಕರೆದರೆ ತಿರುಗುವುದಿಲ್ಲ, ಎರಡು ಸಲ ಹೇಳಿದರೂ ಸುಮ್ಮನೆ ಮುಖ ನೋಡುತ್ತಾಳೆ, ಮಂಕು ಎಂದು ಎಲ್ಲರೂ ತೀರ್ಮಾನಿಸಿದ್ದರು. ಅಕ್ಟೋಬರ್‌ನಲ್ಲಿ ಒಂದು ದಿನ ಪೆನ್ಸಿಲ್ ಹುಡುಕಲು ಅವಳ ಕಂಪಾಸು ಪೆಟ್ಟಿಗೆ ತೆಗೆದಾಗ ಮುಚ್ಚಳದ ಒಳಗಡೆ, ಎಂಟು ಮಡಿಕೆ ಮಾಡಿ ಒತ್ತಿಟ್ಟ ಕಾಗದವೊಂದು ಸಿಕ್ಕಿತು. ಮಡಿಕೆಗಳಲ್ಲಿ ಸೀಸದ ಕಪ್ಪು ಕೂತಿತ್ತು, ಒಂದು ಮೂಲೆ ಹರಿದಿತ್ತು. ಅದು ಫೆಬ್ರವರಿಯಲ್ಲಿ ತಂಡ ಬರೆದುಕೊಟ್ಟ ಚೀಟಿ: ಎರಡೂ ಕಿವಿ ಸೋರುತ್ತಿದೆ, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಆ ಒಂದೂಕಾಲು ನಿಮಿಷದಲ್ಲಿಯೂ ವೈದ್ಯೆ ತೊಂದರೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಆಮೇಲೆ ಎಂಟು ತಿಂಗಳು ಆ ಕಾಗದ ಪೆಟ್ಟಿಗೆಯಲ್ಲೇ ಇತ್ತು. ಹತ್ತಿರ ಕರೆದು ನೋಡಿದೆ. ಎಡಗಿವಿಯಲ್ಲಿ ಹಳದಿಗಟ್ಟಿದ ಹತ್ತಿಯುಂಡೆ, ವಾಸನೆ. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾಳೆ ಎಂದಳು. ಸೋರುವ ಕಿವಿಗೆ ಎಣ್ಣೆ ಬಿಡಬಾರದು ಎಂದು ಆ ತಾಯಿಗೆ ಹೇಳಿದವರು ಯಾರೂ ಇರಲಿಲ್ಲ.

ಲೈನ್ ಮನೆಗೆ ಹೋಗಿ ತಾಯಿಯನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ (ರೈಟರು ಎಂದರೆ ತೋಟದ ಲೆಕ್ಕ ಬರೆಯುವವರು): “ಚೀಟಿ ನೋಡಿದ್ದೆ ಟೀಚರೇ, ಓದೋಕೆ ಬರಲ್ಲ. ರೈಟರ ಹತ್ರ ಓದಿಸಿದೆ. ದೊಡ್ಡಾಸ್ಪತ್ರೆಗೆ ಹೋಗ್ಬೇಕು ಅಂದ್ರು. ಎರಡು ಬಸ್ಸು ಹತ್ತಬೇಕು, ಇಬ್ಬರದ್ದೂ ಅವತ್ತಿನ ಕೂಲಿ ಹೋಗುತ್ತೆ. ಅಲ್ಲಿ ಹೋಗಿ ಯಾರನ್ನ ಕೇಳೋದು?” ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಚೀಟಿಯಲ್ಲಿ ಯಾವ ದಿನ ಹೋಗಬೇಕು, ತಜ್ಞರು ಯಾವ ವಾರ ಇರುತ್ತಾರೆ, ಯಾವ ಕೋಣೆಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ವಿವರವೂ ಇರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ನಮ್ಮ ಕಡೆಯ ಎಷ್ಟೋ ಒಳರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸು, ಇಲ್ಲದಿದ್ದರೆ ಬಾಡಿಗೆ ಜೀಪು. ಬೆಳಿಗ್ಗೆ ಆನೆ ರಸ್ತೆಯಲ್ಲಿ ನಿಂತರೆ ಮೊದಲ ಬಸ್ಸು ತಪ್ಪುತ್ತದೆ, ಮೊದಲ ಬಸ್ಸು ತಪ್ಪಿದರೆ ಹೊರರೋಗಿ ವಿಭಾಗದ ಚೀಟಿ ಕೊಡುವ ಹೊತ್ತು ಮೀರುತ್ತದೆ. ಇದನ್ನೆಲ್ಲ ದಾಟಿ ಹೋಗದ ತಾಯಿಯನ್ನು ‘ಪೋಷಕರ ನಿರ್ಲಕ್ಷ್ಯ’ ಎಂದು ವರದಿಯಲ್ಲಿ ಬರೆಯುವುದು ಅನ್ಯಾಯ.

ಕೊನೆಗೆ ಆ ಮಗುವನ್ನು ನಾನೇ ಕರೆದುಕೊಂಡು ಹೋದೆ. ಒಂದು ಕಿವಿಯ ತಮಟೆ ತೂತಾಗಿದೆ, ಇನ್ನೊಂದರಲ್ಲಿ ಸೋಂಕು ಔಷಧಿಗೆ ಇಳಿಯಿತು. ಕೇಳುವಿಕೆಯ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿ ಬರಲು ಹೇಳಿದ್ದಾರೆ. ಈಗ ಅವಳನ್ನು ಮುಂದಿನ ಬೆಂಚಿನಲ್ಲಿ, ಸರಿಯಾಗಿ ಕೇಳುವ ಕಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಿದ್ದೇವೆ. ಎರಡು ತಿಂಗಳಲ್ಲಿ ಒತ್ತಕ್ಷರ ಓದಲು ಕಲಿತಳು. ಮಂಕು ಎಂಬ ಮಾತನ್ನು ಆ ಕೋಣೆಯಲ್ಲಿ ಈಗ ಯಾರೂ ಆಡುವುದಿಲ್ಲ. ಆದರೆ ಪ್ರತಿ ಶಾಲೆಗೂ ಬಿಡುವಿರುವ ಒಬ್ಬ ನಿವೃತ್ತ ಶಿಕ್ಷಕಿ ಸಿಗಲಿ ಎಂದು ಸರ್ಕಾರ ಕಾಯುವ ಹಾಗಿಲ್ಲ.

ಇನ್ನೊಂದು ವಿಷಯವನ್ನು ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಸೇವೆಯಲ್ಲಿದ್ದಾಗ ನನ್ನ ತರಗತಿಯಲ್ಲಿ ಹಾಡಿಯ ಹುಡುಗನೊಬ್ಬನಿದ್ದ. ಜೂನ್, ಜುಲೈ ಮಳೆ ಹಿಡಿದರೆ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಕೈಕಾಲು ನೋವೆಂದು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ. ಆಟಕ್ಕೆ ಕರೆದರೆ ಬರುತ್ತಿರಲಿಲ್ಲ. ಸೋಮಾರಿ ಎಂದು ನಾನೇ ಗದರಿಸಿದ್ದೇನೆ. ಅವನಿಗಿದ್ದದ್ದು ಕುಡಗೋಲು ಕಣ ರೋಗ, ಸಿಕಲ್ ಸೆಲ್ ಎಂದು ಗೊತ್ತಾದದ್ದು ಅವನು ಶಾಲೆ ಬಿಟ್ಟ ಮೇಲೆ. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಕೀಳುವಂಥ ನೋವು ಬರುತ್ತದೆ. ಚಳಿ, ನೀರು ಕಡಿಮೆ ಕುಡಿಯುವುದು, ಹೆಚ್ಚು ದಣಿವು ಅದನ್ನು ಕೆರಳಿಸುತ್ತವೆ. ಒದ್ದೆ ಬಟ್ಟೆಯಲ್ಲಿ ಮೂರು ಮೈಲಿ ನಡೆದು ಬಂದ ಮಗುವಿಗೆ ನಮ್ಮ ಮಳೆಗಾಲಕ್ಕಿಂತ ದೊಡ್ಡ ಶತ್ರು ಬೇರೆ ಬೇಕೆ?

ಈ ಕಾಯಿಲೆ ನಮಗೆ ಹೊಸತಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮಗೆ ದೂರವಲ್ಲದ ನೀಲಗಿರಿಯ ಬುಡಕಟ್ಟು ಜನರಲ್ಲಿ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ರೋಗವಿಲ್ಲದೆಯೂ ಅದನ್ನು ಮಕ್ಕಳಿಗೆ ದಾಟಿಸಬಲ್ಲವರಾಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬುಡಕಟ್ಟು ಪ್ರದೇಶಗಳ 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಹಾಗಿದ್ದ ಮೇಲೆ ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳು ಓದುವ ಶಾಲೆ ಮತ್ತು ಆಶ್ರಮ ಶಾಲೆಗಳಲ್ಲಿ ಈ ರಕ್ತಪರೀಕ್ಷೆ ಸಾಮಾನ್ಯ ತಪಾಸಣೆಯ ಭಾಗವೇ ಆಗಬೇಕು. ಬೇರೆ ಶಿಬಿರ, ಬೇರೆ ದಿನ, ಬೇರೆ ಪುಸ್ತಕ ಎಂದಾದರೆ ಯಾವುದೋ ಒಂದಕ್ಕೆ ಮಗು ತಪ್ಪಿಸಿಕೊಳ್ಳುತ್ತದೆ. ಪರೀಕ್ಷೆಯ ಫಲಿತಾಂಶ ಶಾಲೆಯಲ್ಲಿ ಎಲ್ಲರೆದುರು ಓದುವ ವಿಷಯವಲ್ಲ ಎಂಬ ಎಚ್ಚರವೂ ಇರಲಿ. ವಾಹಕ ಎಂಬ ಒಂದು ಪದ ನಾಳೆ ಹುಡುಗಿಯೊಬ್ಬಳ ಮದುವೆಗೆ ಅಡ್ಡ ಬಂದರೆ ಯಾರೂ ಮುಂದೆ ಪರೀಕ್ಷೆಗೆ ಬರುವುದಿಲ್ಲ. ಮನೆಗೇ ಹೋಗಿ, ಅವರ ಭಾಷೆ ಬಲ್ಲವರ ಮೂಲಕ ತಿಳಿಸಬೇಕು.

ರಕ್ತಹೀನತೆಯ ಬಗ್ಗೆಯೂ ಇದೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಆ ಮಕ್ಕಳೇ ಈಗ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕೂತಿದ್ದಾರೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಒಳ್ಳೆಯದೇ. ಆದರೆ ಬಿಳಿಚಿಕೊಂಡ ಮಕ್ಕಳೆಲ್ಲರಿಗೂ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ತೇವದ ತೋಟದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿನ ಕರುಳಿನಲ್ಲಿ ಕೊಕ್ಕೆಹುಳು ರಕ್ತ ಹೀರುತ್ತಿರಬಹುದು, ಇನ್ನೊಂದು ಮಗುವಿಗೆ ಸಿಕಲ್ ಸೆಲ್ ಇರಬಹುದು. ಕಣ್ಣುರೆಪ್ಪೆ ಕೆಳಕ್ಕೆಳೆದು ನೋಡಿದರೆ ಇದು ತಿಳಿಯುವುದಿಲ್ಲ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಅಳೆಯಬೇಕು, ಮೂರು ತಿಂಗಳು ಮಾತ್ರೆ ನುಂಗಿದ ಮೇಲೂ ಏರದಿದ್ದರೆ ಕಾರಣ ಹುಡುಕಬೇಕು. ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಗೈರಾದ ಮಕ್ಕಳಿಗೆ ಮತ್ತೆ ಕೊಡುವ ದಿನವೂ ಇದೆ. ಅಂದೂ ಗೈರಾಗುವವರು ಸಾಮಾನ್ಯವಾಗಿ ಅದೇ ಮಕ್ಕಳು.

ತಪಾಸಣೆ ಯಾವ ತಿಂಗಳಲ್ಲಿ ನಡೆಯುತ್ತದೆ ಎಂಬುದು ಬಯಲುಸೀಮೆಯಲ್ಲಿ ದೊಡ್ಡ ವಿಷಯವಲ್ಲದಿರಬಹುದು, ಕೊಡಗಿನಲ್ಲಿ ಅದೇ ದೊಡ್ಡ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ರಜೆ, ಮುರಿದು ಬಿದ್ದ ಮರ. ಡಿಸೆಂಬರ್‌ನಿಂದ ಫೆಬ್ರವರಿ ದಾಟುವವರೆಗೆ ಕಾಫಿ ಕೊಯ್ಲು. ಆಗ ಹಾಡಿಯ ಕುಟುಂಬಗಳು ತೋಟಗಳಿಗೆ ಹೋಗಿ ನಿಲ್ಲುತ್ತವೆ, ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲುಳಿಯುತ್ತಾರೆ. ನಾನು ಹೇಳಿದ ಫೆಬ್ರವರಿಯ ದಿನ ಹಾಜರಿ ಪುಸ್ತಕದಲ್ಲಿದ್ದ 23 ಮಕ್ಕಳು ಶಾಲೆಯಲ್ಲಿರಲಿಲ್ಲ, ಅವರಲ್ಲಿ 19 ಮಂದಿ ಕೂಲಿ ಕುಟುಂಬದವರು. ತಪಾಸಣೆ ಯಾರಿಗೆ ಹೆಚ್ಚು ಬೇಕೋ ಅವರೇ ತಪ್ಪಿಹೋದರು. ಸೆಪ್ಟೆಂಬರ್‌ನಲ್ಲಿ ಮಳೆ ಇಳಿದ ಕೂಡಲೇ ಶಾಲೆಗಳ ಸುತ್ತು ಮುಗಿಸಿ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಹುತ್ತರಿ ಹಬ್ಬದವರೆಗಿನ ದಿನಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಇಟ್ಟುಕೊಂಡರೆ, ಕೊಯ್ಲು ಆರಂಭವಾಗುವ ಮುನ್ನ ಚೀಟಿ ಸಿಕ್ಕ ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆ ಸಿಕ್ಕಿರುತ್ತದೆ. ಕೊಯ್ಲಿನ ಕಾಲದಲ್ಲಿ ತೋಟಗಳಲ್ಲೇ ಇನ್ನೊಂದು ಸಣ್ಣ ಸುತ್ತು ನಡೆಯಲಿ. ಅಸ್ಸಾಮಿನಿಂದ, ಬೇರೆ ಬೇರೆ ಕಡೆಗಳಿಂದ ಬಂದು ಲೈನ್ ಮನೆಗಳಲ್ಲಿರುವ ಕುಟುಂಬಗಳ ಮಕ್ಕಳಲ್ಲಿ ಅನೇಕರ ಹೆಸರು ಯಾವ ಶಾಲೆಯ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಯಾವ ತಪಾಸಣೆಯಲ್ಲೂ ಇಲ್ಲ. ತೋಟದ ಮಾಲೀಕರು ಆ ಒಂದು ದಿನ ಜಾಗ ಕೊಟ್ಟು, ಚೀಟಿ ಸಿಕ್ಕ ಮಗುವಿನ ತಾಯಿಗೆ ಕೂಲಿ ಕಡಿಯದೆ ರಜೆ ಕೊಡಬೇಕೆಂದು ನಮ್ಮ ಬೆಳೆಗಾರರಲ್ಲೂ ಕೈಮುಗಿದು ಕೇಳುತ್ತೇನೆ. ನಮ್ಮ ಮನೆಯೂ ಕಾಫಿಯಿಂದಲೇ ನಡೆಯುವುದು. ಒಂದು ದಿನದ ಕೂಲಿ ಎಷ್ಟೆಂದು ನಮಗೆಲ್ಲ ಗೊತ್ತು.

ಇಲಾಖೆಗಳಿಂದ ನಾನು ಬಯಸುವುದರಲ್ಲಿ ಮುಖ್ಯವಾದದ್ದು ಲೆಕ್ಕ ಇಡುವ ಕ್ರಮದ ಬದಲಾವಣೆ. ಈಗ ಸಭೆಗಳಲ್ಲಿ ಓದುವುದು ‘ಇಷ್ಟು ಮಕ್ಕಳ ತಪಾಸಣೆ ಆಗಿದೆ’ ಎಂಬ ಸಂಖ್ಯೆಯನ್ನು. ಅದರ ಜೊತೆಯಲ್ಲಿ, ಚೀಟಿ ಪಡೆದವರೆಷ್ಟು, ಅವರಲ್ಲಿ ಆಸ್ಪತ್ರೆ ಮುಟ್ಟಿದವರೆಷ್ಟು, ಚಿಕಿತ್ಸೆ ಮುಗಿದವರೆಷ್ಟು, ಉಳಿದವರು ಏಕೆ ಉಳಿದರು ಎಂಬುದನ್ನು ಪ್ರತಿ ಶಾಲೆಯ ಮಟ್ಟದಲ್ಲಿ, ಮಕ್ಕಳ ಹೆಸರು ಹೊರಹಾಕದೆ ಪ್ರಕಟಿಸಿ. ಚೀಟಿಯ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಆ ಊರಿನ ಆಶಾ ಕಾರ್ಯಕರ್ತೆಯ ಕೈಯಲ್ಲಿ ಉಳಿಯಲಿ. ಮಗುವಿನ ಚೀಲಕ್ಕೆ ಮಾತ್ರ ಹಾಕಿ ಕಳಿಸಬೇಡಿ. ಚೀಟಿಯ ಮೇಲೆ ದಿನ, ಜಾಗ, ಫೋನ್ ಸಂಖ್ಯೆ ಬರೆದಿರಲಿ. ತಿಂಗಳಿಗೆ ಒಂದು ದಿನ ಹೋಬಳಿಯ ಒಂದು ಜಾಗದಿಂದ ವಾಹನ ಹೊರಟು, ಆ ತಿಂಗಳ ಚೀಟಿಗಳ ಮಕ್ಕಳನ್ನೂ ತಾಯಂದಿರನ್ನೂ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ದು ಸಂಜೆ ಮರಳಿ ಬಿಡುವ ವ್ಯವಸ್ಥೆಯಾದರೆ, ನಾನು ಮೇಲೆ ಬರೆದ ಅಡ್ಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂದೇ ತೀರುತ್ತವೆ. ತಜ್ಞರೂ ಆ ದಿನ ಇರುತ್ತಾರೆಂಬ ಖಾತ್ರಿ ಬೇಕು. ತಂಡಕ್ಕೆ ದಿನಕ್ಕೆ ಒಂದೇ ಶಾಲೆ ಕೊಡಿ, ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಎರಡು ದಿನ ಕೊಡಿ. ಖಾಲಿ ಹುದ್ದೆಗಳಿದ್ದರೆ ತುಂಬಿ. ದೊಡ್ಡ ಹೆಣ್ಣುಮಕ್ಕಳಿರುವ ಶಾಲೆಗೆ ವೈದ್ಯೆ ಇಲ್ಲದ ತಂಡವನ್ನು ಕಳಿಸಬೇಡಿ. ತೂಕವನ್ನು ತರಗತಿಯೆದುರು ಕೂಗಿ ಹೇಳಿ ಬರೆಸುವ ಅಭ್ಯಾಸವೂ ನಿಲ್ಲಬೇಕು. ಆರನೇ ತರಗತಿಯ ಹುಡುಗಿಯೊಬ್ಬಳು ಅಂದು ತಕ್ಕಡಿಯಿಂದ ಇಳಿದವಳು ಬಿಸಿಯೂಟಕ್ಕೆ ಕೂರಲಿಲ್ಲ.

ಅನುದಾನರಹಿತ ಖಾಸಗಿ ಶಾಲೆಗಳ ಮಕ್ಕಳು ಈ ಯೋಜನೆಯ ಹೊರಗಿದ್ದಾರೆ. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗಳ ಮಕ್ಕಳೂ ಅಲ್ಲಿದ್ದಾರೆ. ಅವರಿಗೂ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಲಿ ಎಂಬುದನ್ನು ಜನಪ್ರತಿನಿಧಿಗಳು ಮೇಲಿನ ಮಟ್ಟದಲ್ಲಿ ಮಾತನಾಡಬೇಕು.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ನಿಮ್ಮ ತಲೆಯ ಮೇಲಿರುವ ದಾಖಲೆ ಕೆಲಸದ ಹೊರೆ ನನಗೆ ಗೊತ್ತು, ಇನ್ನೊಂದು ಪುಸ್ತಕ ತುಂಬಿಸಿ ಎಂದು ಹೇಳುತ್ತಿಲ್ಲ. ತಂಡ ಬರುವ ಮುನ್ನಾದಿನ ಪ್ರತಿ ತರಗತಿಯಲ್ಲಿ ಯಾರು ಹಲಗೆ ನೋಡಲು ಕಣ್ಣು ಕಿರಿದು ಮಾಡುತ್ತಾರೆ, ಯಾರು ಕರೆದರೆ ತಿರುಗುವುದಿಲ್ಲ, ಯಾರು ಓಡಿದರೆ ಬೇಗ ಏದುಸಿರು ಬಿಡುತ್ತಾರೆ, ಯಾರು ಮಳೆಗಾಲದಲ್ಲಿ ಕಾಣೆಯಾಗುತ್ತಾರೆ ಎಂದು ಯೋಚಿಸಿ ಒಂದು ಹಾಳೆಯಲ್ಲಿ ಬರೆದಿಡಿ. ವರ್ಷವಿಡೀ ಮಗುವನ್ನು ನೋಡುವವರು ನೀವು. ಆ ಹಾಳೆ ವೈದ್ಯರ ಕೈಗೆ ಹೋದರೆ ಅವರ ಸಮಯ ಯಾರಿಗೆ ಹೆಚ್ಚು ಬೇಕೋ ಅವರಿಗೆ ಸಿಗುತ್ತದೆ. ನಾನು ಸೇವೆಯಲ್ಲಿದ್ದಾಗ ಇದನ್ನು ಮಾಡಿದ್ದರೆ ಆ ಹಾಡಿಯ ಹುಡುಗ ಎಷ್ಟೋ ಮೊದಲೇ ಆಸ್ಪತ್ರೆಗೆ ಹೋಗಿರುತ್ತಿದ್ದ.

ಮಾನ್ಯರೇ, ಕಳೆದ ಸಾಲಿನ ತಪಾಸಣೆಯಲ್ಲಿ ಜಿಲ್ಲೆಯ ಐದು ತಾಲ್ಲೂಕುಗಳ ಶಾಲೆಗಳಲ್ಲಿ ಬರೆದುಕೊಟ್ಟ ಚೀಟಿಗಳ ನಕಲು ನಿಮ್ಮ ಕಚೇರಿಗಳಲ್ಲಿ ಇದ್ದೇ ಇರುತ್ತದೆ. ಮುಂದಿನ ಸುತ್ತು ಆರಂಭಿಸುವ ಮೊದಲು ಅವುಗಳನ್ನು ಹೊರತೆಗೆದು, ಒಂದೊಂದು ಮಗುವನ್ನೂ ಹೆಸರು ಹಿಡಿದು ಹುಡುಕಿ, ಆಸ್ಪತ್ರೆಗೆ ಹೋಗಿದೆಯೇ ಎಂದು ಆಶಾ ಕಾರ್ಯಕರ್ತೆಯರ ಮೂಲಕ ಕೇಳಿಸಿ. ನಮ್ಮ ಶಾಲೆಯಲ್ಲಿ ಆ ದಿನ ಚೀಟಿ ಪಡೆದವರು 14 ಮಕ್ಕಳು. ಅವರಲ್ಲಿ ಐವರನ್ನು ನಾವು ಊರಿನವರು ಸೇರಿ ಕರೆದೊಯ್ದಿದ್ದೇವೆ. ಉಳಿದ ಒಂಬತ್ತು ಮಕ್ಕಳ ಪಟ್ಟಿಯನ್ನು ಈ ಪತ್ರದ ಪ್ರತಿಯೊಂದಿಗೆ ಮುಚ್ಚಿದ ಲಕೋಟೆಯಲ್ಲಿ ನಿಮಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ವಾಹನ ಯಾವ ದಿನ ಬರುತ್ತದೆ ಎಂದು ತಿಳಿಸಿದರೆ ಅವರನ್ನೂ ಅವರ ತಾಯಂದಿರನ್ನೂ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಅಂಗಳದಲ್ಲಿ ಸೇರಿಸುವ ಹೊಣೆ ನನ್ನದು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ
ಪೊನ್ನಂಪೇಟೆ ತಾಲ್ಲೂಕು, ಕೊಡಗು